ಕಾರಿನ ಖುಷಿ ಮಾರ್ಪಾಡಿನಲ್ಲೋ, ನಿರ್ವಹಣೆಯಲ್ಲೋ?

ಪ್ರಶ್ನೆ: ಚಾರ್ಮಾಡಿ ಘಾಟಿಗಾಗಿ ಕಾರಿನ ಸಸ್ಪೆನ್ಶನ್ ತಗ್ಗಿಸಿ, ಸೈಲೆನ್ಸರ್ ಬದಲಿಸಿದರೆ ಓಡಿಸುವ ಖುಷಿ ಹೆಚ್ಚುತ್ತದೆಯೇ?
– ಒಬ್ಬ ಓದುಗರು, ಬಂಟ್ವಾಳ

ಉತ್ತರ: ಇಲ್ಲ, ಖುಷಿಯ ಮೂಲ ನಿರ್ವಹಣೆ. ತಗ್ಗಿಸಿದ ಕಾರಿನ ತಳ ಹಂಪ್‌ಗಳಿಗೆ ಉಜ್ಜುತ್ತದೆ. ಇನ್ನು ನಿರ್ವಹಣೆ ತಪ್ಪಿದರೆ ಘಾಟಿಯಲ್ಲಿ ಅಪಾಯ: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಾಗೆ ಹಳತಾದದ್ದು ಬೇಗ ಕುದಿಯುತ್ತದೆ. ಘಾಟಿ ಇಳಿಯುವಾಗ ಪೈಪಿನಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಕೈಕೊಡುತ್ತದೆ. ನನ್ನ ಕಾರು, ನನ್ನಿಷ್ಟ ಎನ್ನಬಹುದು. ಆದರೆ ರಸ್ತೆ ಎಲ್ಲರದು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಹಾಗೆಂದು ಕಾರಿನ ಹುಚ್ಚು ಬಿಡಬೇಕಿಲ್ಲ: ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳು ನೋಡುಗರನ್ನು ಸೆಳೆಯುವುದು ಜತನದಿಂದ. 2 ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಘಾಟಿಯನ್ನು ಕೆಳ ಗೇರಿನಲ್ಲೇ ಇಳಿಯಿರಿ.