ತಿದ್ದುವ ಕೈ ಇಲ್ಲದಿದ್ದರೆ

ಜೀವಕೋಶವು ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯನ್ನು ಪ್ರತಿಮಾಡಿಕೊಳ್ಳಬೇಕು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಈ ಲಿಪಿಯು ಇಲಿಯಲ್ಲಿ ಸುಮಾರು 270 ಕೋಟಿ ಅಕ್ಷರಗಳಷ್ಟು ದೀರ್ಘವಾದುದು. ಇಷ್ಟನ್ನು ಪ್ರತಿಮಾಡುವಾಗ ತಪ್ಪುಗಳಾಗುವುದು ಸಹಜ. ಎ ಎದುರು ಟಿ, ಜಿ ಎದುರು ಸಿ ನಿಲ್ಲಬೇಕು. ಜೋಡಿ ತಪ್ಪಿದರೆ ಕೆಲವು ಪ್ರೋಟೀನುಗಳು ಅದನ್ನು ಗುರುತಿಸಿ, ಹೊಸ ಎಳೆಯ ದೋಷಭಾಗವನ್ನು ಕತ್ತರಿಸಿ ತೆಗೆಯಿಸುತ್ತವೆ. ಆ ಭಾಗವು ಮತ್ತೆ ಸರಿಯಾಗಿ ರಚಿತವಾಗುತ್ತದೆ. ಇದರಿಂದ ತಪ್ಪುಗಳು ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತವೆ. ಈ ಕ್ರಮವನ್ನು ವಿವರಿಸಿದ ಪಾಲ್ ಮಾಡ್ರಿಚ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಈ ತಿದ್ದುವಿಕೆಯು ನಿಂತರೆ ಏನಾದೀತು? ಇದಕ್ಕೆ ಅವಶ್ಯವಾದ ಎಂ.ಎಸ್.ಎಚ್.2 ಎಂಬ ಜೀನ್ ಕೆಲಸಮಾಡದ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿ, 1995ರಲ್ಲಿ ವರದಿ ಮಾಡಿದರು. ಹುಟ್ಟಿದಾಗ ಆರೋಗ್ಯವಾಗಿಯೇ ತೋರಿದ ಆ ಇಲಿಗಳಲ್ಲಿ ಅನೇಕವು ಕೆಲವೇ ತಿಂಗಳುಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿಗೆ ತುತ್ತಾದವು.

ಇಂತಹ ಇಲಿಗಳಲ್ಲಿ ತಪ್ಪುಗಳು ಎಲ್ಲೆಡೆಯೂ ಸಮನಾಗಿ ಹರಡಿರುವುದಿಲ್ಲ. ಒಂದೇ ಅಕ್ಷರವು ಸಾಲಾಗಿ ಮರುಕಳಿಸುವ ಕಡೆಗಳಲ್ಲಿ ಒಂದೆರಡು ಅಕ್ಷರಗಳು ಹೆಚ್ಚು ಕಡಿಮೆಯಾಗುವುದೇ ಅಧಿಕ. ಒಂದೇ ಪದವನ್ನು ಇಪ್ಪತ್ತು ಸಲ ಬರೆಯುವಾಗ ನಮಗೂ ಎಣಿಕೆ ತಪ್ಪುವುದಲ್ಲವೇ?

ಮನುಷ್ಯರಲ್ಲಿ ವಂಶಪಾರಂಪರ್ಯವಾಗಿ ಬರುವ ಲಿಂಚ್ ಸಿಂಡ್ರೋಮ್‌ಗೂ ಇದೇ ದೋಷವು ಮೂಲ. ದೊಡ್ಡ ಕರುಳಿನ ಗೆಡ್ಡೆಯಲ್ಲಿ ಇದೇ ಬಗೆಯ ತಪ್ಪುಗಳು ಕಂಡರೆ ವೈದ್ಯರು ತಕ್ಕ ಚಿಕಿತ್ಸೆಯನ್ನು ಆರಿಸಬಲ್ಲರು. ದೋಷವು ವಂಶದಿಂದ ಬಂದುದೆಂದು ತಿಳಿದರೆ ಮನೆಯವರೆಲ್ಲರನ್ನೂ ಮೊದಲೇ ಎಚ್ಚರಿಸಬಲ್ಲರು.