ಹವಾಮಾನ, ವಾಯುಗುಣ ಮತ್ತು ಜನರ ತಿಳಿವಳಿಕೆಯ ಪರೀಕ್ಷೆ

ಜಾಗತಿಕ ತಾಪಮಾನದ ಏರಿಕೆಯನ್ನು ಕುರಿತು ಜನರ ತಿಳಿವಳಿಕೆಯನ್ನು ಪರೀಕ್ಷಿಸಹೊರಟವರಿಗೆ ಮೊದಲ ತೊಡಕು ಶಬ್ದದಲ್ಲಿಯೇ ಉಂಟು. ದಿನದಿನದ ಬಿಸಿಲುಮಳೆ ಹವಾಮಾನ, ದೀರ್ಘಕಾಲದ ಸರಾಸರಿ ವಾಯುಗುಣ ಎಂದು ಭೂಗೋಳಪಾಠವು ಹೇಳುತ್ತದೆ. ವೃತ್ತಪತ್ರಿಕೆಗಳಾದರೋ ‘ಹವಾಮಾನ ಬದಲಾವಣೆ’ ಎಂದೇ ಬರೆಯುತ್ತವೆ.

2016ನೆಯ ಏಪ್ರಿಲ್ 24ರಂದು ಬೆಂಗಳೂರಿನ ಉಷ್ಣತೆಯು 39.2 ಡಿಗ್ರಿ ಸೆಲ್ಸಿಯಸ್ಸಿಗೇರಿತು. ಕಾರಣ ಕೇಳಿದರೆ, 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದುದನ್ನು ಕಂಡ ಜೆ. ಪಿ. ನಗರದವನು ಕೆರೆಮರಗಳ ನಾಶವನ್ನು ಹೇಳಿಯಾನು. ಅದು ತಪ್ಪಲ್ಲ, ಆದರೆ ಅದು ಊರಿನ ಕಾವು. ಇಂಗಾಲಾಮ್ಲವಾಯು ಹೆಚ್ಚಿ ಭೂಮಿಯೆಲ್ಲ ಕಾಯುವುದು ಬೇರೆಯ ಸಂಗತಿ. ಇವೆರಡನ್ನು ಬೇರ್ಪಡಿಸದ ಪ್ರಶ್ನೆಯಿಟ್ಟು ಉತ್ತರವನ್ನು ಹಳಿಯುವುದು ಅನ್ಯಾಯ.

2021-22ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಭಾರತದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 54 ಮಂದಿ ಈ ವಿಷಯವನ್ನು ಕೇಳಿಯೇ ಇಲ್ಲ ಅಥವಾ ಅಲ್ಪವಾಗಿ ಬಲ್ಲೆವು ಎಂದರು. ಚಿಕ್ಕದೊಂದು ವಿವರಣೆ ಕೊಟ್ಟಮೇಲೆ 84 ಮಂದಿ ಅದು ನಡೆಯುತ್ತಿದೆಯೆಂದು ಒಪ್ಪಿದರು.