ಬಿಇ ಮುಗಿಸಿದ ಅಕ್ಕ ಮತ್ತೆ ಕಾಲೇಜಿಗೆ
ನಮ್ಮ ದೊಡ್ಡಪ್ಪನ ಮಗಳು ಬಿಇ ಓದಿದವಳು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಆರು ವರ್ಷ ಮನೆ, ಮಗು ಎಂದಿದ್ದವಳು ಈಗ ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ ಕೋರ್ಸ್ ಸೇರಿದ್ದಾಳೆ. ವಕೀಲೆಯಾಗಲು ಅಲ್ಲಿ ಪದವಿಯ ಮೇಲೆ ಸಾಮಾನ್ಯವಾಗಿ 3 ವರ್ಷ ಓದಬೇಕು, ಜೊತೆಗೆ ಬಾರ್ ಪರೀಕ್ಷೆ. ಇದು ಬೇಗ ಮುಗಿಯುತ್ತದೆ. ಕಾನೂನು ಹುಡುಕುವುದು, ದಾವೆಯ ಕರಡು ಬರೆಯುವುದು, ಕಡತ ಜೋಡಿಸುವುದು ಕಲಿಸುತ್ತಾರೆ. ಆದರೆ ಕಕ್ಷಿದಾರರಿಗೆ ಸಲಹೆ ಕೊಡುವಂತಿಲ್ಲ, ಕೋರ್ಟಿನಲ್ಲಿ ವಾದಿಸುವಂತಿಲ್ಲ, ವಕೀಲರ ಕೈಕೆಳಗೇ ಕೆಲಸ.

‘ಬಿಇ ಮಾಡಿ ಗುಮಾಸ್ತೆ ಕೆಲಸವಾ?’ ಎಂದು ದೊಡ್ಡಮ್ಮನ ಗೊಣಗಾಟ. ನನಗಂತೂ ಹಾಗನ್ನಿಸಲಿಲ್ಲ. ಸಾವಿರ ಸಾಲಿನ ಕೋಡ್‌ನಲ್ಲಿ ಬಿಟ್ಟುಹೋದ ಒಂದು ಸೆಮಿಕೋಲನ್ ಹುಡುಕಿದ ಅಭ್ಯಾಸ ಈಗ ಕರಾರು ಪತ್ರ ಓದುವಾಗ ನೆರವಿಗೆ ಬರುತ್ತಿದೆಯಂತೆ.

ಪ್ಲೇಸ್‌ಮೆಂಟ್ ಯಾವಾಗ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಮೊನ್ನೆ ಫೋನಿನಲ್ಲಿ ಅಕ್ಕ ಕೇಳಲಿಲ್ಲ. ಮರುದಿನ ಅವಳಿಗೇ ಪರೀಕ್ಷೆ.